ಕೇಳಿಸಿಕೊಂಡವರಿಗೆ ಅಂಕ



"ಸನ್ಮಾನ್ಯ ಅಧ್ಯಕ್ಷರೆ, ನಿಷ್ಪಕ್ಷಪಾತವಾಗಿ ತೀರ್ಪು ನೀಡಲು ಆಗಮಿಸಿರುವ ತೀರ್ಪುಗಾರರೆ, ಸಮಯಪಾಲಕರೆ, ಗುರುವೃಂದದವರೆ ಹಾಗೂ ನನ್ನ ಪರ-ವಿರೋಧದ ಸ್ನೇಹಿತರೆ..." ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಈ ಸಾಲು ಹೊಸದಲ್ಲ. ನಿಮ್ಮಲ್ಲಿ ಎಷ್ಟೋ ಜನ ಎಂಟನೇ ಕ್ಲಾಸಿನಲ್ಲೋ ಒಂಬತ್ತನೇ ಕ್ಲಾಸಿನಲ್ಲೋ ಕೈ ಹಿಂದಕ್ಕೆ ಕಟ್ಟಿಕೊಂಡು ಒಂದೇ ಉಸಿರಿಗೆ ಇದನ್ನು ಒಪ್ಪಿಸಿರುತ್ತೀರಿ. ಹೀಗೆ ಬಾಯಿ ತೆರೆಯುವ ಮೊದಲೇ ನಿಷ್ಪಕ್ಷಪಾತಿ ಎಂದು ಹೊಗಳಿಸಿಕೊಳ್ಳುವ ಆ ತೀರ್ಪುಗಾರರ ಬಗ್ಗೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಮಾತಾಡುವ ಮಕ್ಕಳಿಗೆ ಹೇಗೆ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಎದುರಿಗೆ ಕೂತು ಕೇಳುವವರು ಹೇಗೆ ಕೇಳಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನ ಜಾವಳಿ ಕಡೆಯವನು. ಹೇಮಾವತಿ ಹುಟ್ಟುವ ಊರು ಅಂದರೆ ಹೊರಗಿನವರಿಗೂ ಗುರುತು ಸಿಗುತ್ತದೆ. ಬಲ್ಲಾಳರಾಯನ ದುರ್ಗದ ಮಗ್ಗುಲಿನ ಈ ಗುಡ್ಡಗಳಲ್ಲಿ ಕಾಫಿ, ಮೆಣಸು, ಅಡಿಕೆ, ಏಲಕ್ಕಿ ಮಾಡಿಕೊಂಡಿರುವವರು ನಾವು. ಜಾವಳಿ, ಬಾಳೂರು, ಸುಂಕಸಾಲೆ, ಬಣಕಲ್, ಇತ್ತ ಕಳಸ ಎಲ್ಲ ಕಡೆಯೂ ಶಾಲೆಗಳಿವೆ. ವರ್ಷಕ್ಕೊಮ್ಮೆ ಆ ಶಾಲೆಗಳಿಂದ ಫೋನು ಬರುತ್ತದೆ: "ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ಇಟ್ಕೊಂಡಿದೀವಿ ಮಾರಾಯ್ರೆ. ಚರ್ಚಾ ಸ್ಪರ್ಧೆಗೆ ಜಡ್ಜ್ ಆಗಿ ಬರ್ಬೇಕಲ್ಲ?" ಸಂಭಾವನೆಯ ಮಾತಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಬಿಸಿಯೂಟ, ಕೊನೆಗೊಂದು ಹೂವು, ವಂದನಾರ್ಪಣೆಯಲ್ಲಿ ಒಂದು ಹೆಸರು. ಇಷ್ಟಕ್ಕೆ ಹೋಗುವವರನ್ನೇ ಸ್ವಯಂಸೇವಕ ತೀರ್ಪುಗಾರರು ಎನ್ನುವುದು.

ಪ್ರತಿಭಾ ಕಾರಂಜಿ ನಮ್ಮ ಶಿಕ್ಷಣ ಇಲಾಖೆಯ ಕಾರ್ಯಕ್ರಮ. ಕ್ಲಸ್ಟರಿನಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ. ಕಂಠಪಾಠ, ಛದ್ಮವೇಷ, ಜಾನಪದ ನೃತ್ಯ, ಮಿಮಿಕ್ರಿಗಳ ಗದ್ದಲದ ನಡುವೆ ಒಂದು ಕೋಣೆಯಲ್ಲಿ ಪ್ರೌಢಶಾಲೆಯ ಮಕ್ಕಳ ಚರ್ಚಾ ಸ್ಪರ್ಧೆ ನಡೆಯುತ್ತದೆ. ಇದೊಂದೇ ಅಲ್ಲ. ನವೆಂಬರ್ 14ರಿಂದ 20ರವರೆಗಿನ ಸಹಕಾರ ಸಪ್ತಾಹದ ಹೊತ್ತಿಗೆ ಸಹಕಾರದ ವಿಷಯಕ್ಕೆ ಚರ್ಚೆ, ಜನವರಿ 25ರ ಮತದಾರರ ದಿನಕ್ಕೊಂದು, ಕಾಲೇಜುಗಳಲ್ಲಿ ಪರ್ಯಾಯ ಫಲಕದ ಸ್ಪರ್ಧೆ, ಸಂಸದೀಯ ವ್ಯವಹಾರಗಳ ಇಲಾಖೆಯ ಯುವ ಸಂಸತ್ತು. ಎಲ್ಲಕ್ಕೂ ತೀರ್ಪುಗಾರರು ಬೇಕು. ತಮ್ಮ ಶಾಲೆಯ ಮಗು ನಿಂತಿರುವಾಗ ಮೇಷ್ಟ್ರುಗಳೇ ಅಂಕ ಹಾಕಿದರೆ ಮಾತು ಬರುತ್ತದೆ. ಹಾಗಾಗಿ ಬ್ಯಾಂಕಿನವರು, ಪೋಸ್ಟಿನವರು, ನಿವೃತ್ತ ಮೇಷ್ಟ್ರು, ವಕೀಲರು, ನನ್ನಂಥ ತೋಟದವರು, ಯಾರು ಸಿಕ್ಕಿದರೆ ಅವರನ್ನು ಹಿಡಿದು ತರುತ್ತಾರೆ.

ಕ್ಲಸ್ಟರ್ ಅಂದರೆ ಕೆಳಗಿನ ಮೆಟ್ಟಿಲು, ಅಲ್ಲಿ ಹೇಗಾದರೂ ನಡೆಯುತ್ತದೆ ಎಂದು ಕೆಲವರಿಗೆ ಅನಿಸುವುದುಂಟು. ನನ್ನ ಲೆಕ್ಕ ತಿರುಗಾಮುರುಗಾ. ರಾಜ್ಯಮಟ್ಟಕ್ಕೆ ಬಂದ ಮಗುವಿಗೆ ಬೆನ್ನು ತಟ್ಟುವವರು ಆಗಲೇ ಹತ್ತು ಜನ ಇರುತ್ತಾರೆ. ಸುಂಕಸಾಲೆಯಿಂದಲೋ ಕೆಳಗೂರಿನಿಂದಲೋ ಮೊದಲ ಸಲ ಮೈಕಿನ ಮುಂದೆ ಬಂದ ಮಗುವಿಗೆ ನಾವು ಮೂರು ಜನ ತೀರ್ಪುಗಾರರೇ ಹೊರಗಿನ ಪ್ರಪಂಚ. ಇಲ್ಲಿ ನಮ್ಮ ಕಿವಿ ಮಂದವಾದರೆ ಆ ಮಗು ಮೂಡಿಗೆರೆಯ ಬಸ್ಸು ಹತ್ತುವುದೇ ಇಲ್ಲ.

ಈಗ ಆ ಕೋಣೆಯೊಳಗೆ ಏನಾಗುತ್ತದೆ ನೋಡಿ. ವಿಷಯ ವಾರದ ಮೊದಲೇ ಗೊತ್ತಿರುತ್ತದೆ. ಮೇಷ್ಟ್ರು ಬರೆದುಕೊಟ್ಟದ್ದನ್ನೋ, ಮೊಬೈಲಿನಿಂದ ಇಳಿಸಿದ್ದನ್ನೋ ಮಗು ಬಾಯಿಪಾಠ ಮಾಡಿರುತ್ತದೆ. ನಾಲ್ಕೈದು ನಿಮಿಷದ ಅವಧಿಯಲ್ಲಿ ಸಂಬೋಧನೆಗೇ ಅರ್ಧ ನಿಮಿಷ, ಒಂದು ವಚನಕ್ಕೆ ಕಾಲು ನಿಮಿಷ, ಕೊನೆಯಲ್ಲಿ "ಎಂದು ಹೇಳುತ್ತಾ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ". ಪರವಾಗಿ ಮಾತಾಡಿದವರು ಇಳಿದರು, ವಿರೋಧದವರು ಹತ್ತಿದರು. ಇವರು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಒಂದು ದಾರದ ನಂಟೂ ಇಲ್ಲ. ಮೊದಲಿನವರು ಬಾರದೇ ಇದ್ದಿದ್ದರೂ ಎರಡನೆಯವರ ಭಾಷಣ ಅಕ್ಷರ ಬದಲಾಗದೆ ಹಾಗೇ ಇರುತ್ತಿತ್ತು. ಹೆಸರಿಗೆ ಚರ್ಚೆ, ನಡೆದದ್ದು ಭಾಷಣದ ಮೆರವಣಿಗೆ.

ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ, ಮೇಷ್ಟ್ರನ್ನೂ ದೂರಬೇಕಾಗಿಲ್ಲ. ನಮ್ಮ ಕೈಗೆ ಕೊಡುವ ಅಂಕಪಟ್ಟಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಕಾರಣ ಅಲ್ಲೇ ಇರುತ್ತದೆ. ಬಿಳಿ ಹಾಳೆಯ ಮೇಲೆ ಸ್ಕೇಲಿನಲ್ಲಿ ಗೆರೆ ಎಳೆದು ಮಾಡಿದ ಮನೆಗಳು: ವಿಷಯ, ಭಾಷೆ, ನಿರರ್ಗಳತೆ, ಹಾವಭಾವ, ಸಮಯಪಾಲನೆ. ಎದುರಿನವರ ಮಾತಿಗೆ ಉತ್ತರ ಕೊಟ್ಟರೇ ಅನ್ನುವುದಕ್ಕೆ ಎಷ್ಟೋ ಪಟ್ಟಿಗಳಲ್ಲಿ ಮನೆಯೇ ಇರುವುದಿಲ್ಲ. ಅಂಕ ಎಲ್ಲಿದೆಯೋ ಅಭ್ಯಾಸ ಅಲ್ಲಿ. ಹಾವಭಾವಕ್ಕೆ ಹತ್ತು ಅಂಕ ಇಟ್ಟು ಖಂಡನೆಗೆ ಸೊನ್ನೆ ಇಟ್ಟರೆ ಮೇಷ್ಟ್ರು ಕೈ ಬೀಸುವುದನ್ನೇ ಕಲಿಸುತ್ತಾರೆ. ಅದು ಅವರ ತಪ್ಪಲ್ಲ.

ಆದ್ದರಿಂದ ನಾನು ಹೇಳಬೇಕಾದ ಮಾತು ಇಷ್ಟೆ: ಎದುರಿನವರನ್ನು ಕೇಳಿಸಿಕೊಂಡ ಮಗುವಿಗೆ ಅಂಕ ಕೊಡಿ. ಮಗು ಕೇಳಿಸಿಕೊಂಡಿದೆ ಅನ್ನುವುದಕ್ಕೆ ಗುರುತು ಅದು ಕೊಡುವ ಉತ್ತರ. ಹಾಗೆಯೇ, ನಾವು ತೀರ್ಪುಗಾರರು ಮಗುವನ್ನು ಕೇಳಿಸಿಕೊಂಡಿದ್ದೇವೆ ಅನ್ನುವುದಕ್ಕೆ ಗುರುತು ನಾವು ಕೊಡುವ ಕಾರಣ.

ಇದು ಹೊಸ ವಿಚಾರವೇನಲ್ಲ. ಗೌತಮರ ನ್ಯಾಯಸೂತ್ರಕ್ಕೆ ಹತ್ತಿರಹತ್ತಿರ ಎರಡು ಸಾವಿರ ವರ್ಷದ ವಯಸ್ಸು. ವಾದದಲ್ಲಿ ಸೋತರು ಎಂದು ಯಾವಾಗ ಹೇಳಬೇಕು ಅನ್ನುವುದಕ್ಕೆ ಅದರ ಕೊನೆಯ ಅಧ್ಯಾಯದಲ್ಲಿ 22 ನಿಗ್ರಹಸ್ಥಾನಗಳ ಪಟ್ಟಿ ಇದೆ. ಅದರಲ್ಲೊಂದು ಅನನುಭಾಷಣ. ಎದುರಾಳಿ ಒಂದು ಮಾತನ್ನು ಮೂರು ಸಲ ಹೇಳಿದ್ದಾನೆ, ಸಭೆಗೂ ಅದು ತಿಳಿದಿದೆ; ಆದರೂ ಅದನ್ನು ತಿರುಗಿ ಹೇಳಲು ಇವನಿಗೆ ಆಗದಿದ್ದರೆ ಇವನು ಸೋತ ಹಾಗೆ. ಇನ್ನೊಂದು ಅವಿಜ್ಞಾತಾರ್ಥ. ಮೂರು ಸಲ ಹೇಳಿದರೂ ಸಭೆಗಾಗಲಿ ಎದುರಾಳಿಗಾಗಲಿ ಅರ್ಥವಾಗದಂತೆ ಮಾತಾಡಿದರೆ ಆಗಲೂ ಸೋಲು, ಈ ಸಲ ಮಾತಾಡಿದವನದು. ಹೇಳಿದ್ದನ್ನೇ ಹೇಳಿದರೆ ಅದೂ ಸೋಲು. ಒಳ್ಳೆಯ ಕಂಠ, ಕೈ ಬೀಸುವ ಚಂದ ಇವು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೇಳಿಸಿಕೊಳ್ಳುವುದು, ಅರ್ಥವಾಗುವಂತೆ ಹೇಳುವುದು, ಜಾರಿಕೊಳ್ಳದಿರುವುದು, ಇವುಗಳ ಸುತ್ತಲೇ ಅದು ಸುತ್ತುತ್ತದೆ. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ಗಣೇಶ ಚೌತಿಯ ಕಾಲಕ್ಕೆ ನಡೆಯುವ ವಾಕ್ಯಾರ್ಥ ಸಭೆಯಲ್ಲಿ ಇಂದಿಗೂ ವಿದ್ವಾಂಸರು ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ನೆಟ್ಟಗೆ ನಿಲ್ಲಿಸಿ ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುತ್ತಾರೆ.

ಸಂಸ್ಕೃತದ ಪಂಡಿತರ ಮಾತು ನಮಗೇಕೆ ಅನ್ನುವವರು ತಾಳಮದ್ದಳೆಯನ್ನು ನೆನೆಯಬಹುದು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಘಟ್ಟದ ಕೆಳಗೂ ಮೇಲೂ ದೇವಸ್ಥಾನದ ಚಂದ್ರಶಾಲೆಯಲ್ಲೋ ಮನೆಯ ಚಾವಡಿಯಲ್ಲೋ ತಾಳಮದ್ದಳೆ ಕೂರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತು ಹೆಣೆಯುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನನಗೂ ನಿನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ವಾಲಿಯಾಗಿ ಕೂತರೆ ಎದುರಿನ ರಾಮನಿಗೆ ಬಾಯಿಪಾಠದಿಂದ ಉಳಿಗಾಲವಿಲ್ಲ. ಕಾಸರಗೋಡಿನ ಕಡೆಯ ಆ ಹಿರಿಯರು 2006ರಲ್ಲಿ ತೀರಿಕೊಂಡರು. ಅವರ ಅರ್ಥಗಾರಿಕೆಯನ್ನು ಧ್ವನಿಸುರುಳಿಯಲ್ಲಿ ಇಂದೂ ಕೇಳುವವರಿದ್ದಾರೆ. ಕೇಳಿ ನೋಡಿ. ಎದುರಿನವರು ಬಿಟ್ಟ ಒಂದು ಎಳೆಯನ್ನು ಹಿಡಿದುಕೊಂಡೇ ಮುಂದಿನ ಮಾತು ಹುಟ್ಟುತ್ತದೆ. ಇವತ್ತು ವಾಲಿಯಾದವರು ನಾಳೆ ಇನ್ನೊಂದು ಊರಿನಲ್ಲಿ ರಾಮನಾಗಿ ಕೂರುತ್ತಾರೆ, ಎರಡೂ ಕಡೆಯ ನ್ಯಾಯ ಅವರಿಗೆ ಗೊತ್ತು. ಇಂಥ ಪರಂಪರೆಯ ನಾಡಿನಲ್ಲಿ ಮಕ್ಕಳ ಚರ್ಚೆ ಉರುಹೊಡೆದ ಭಾಷಣವಾಗಿರುವುದು ವಿಚಿತ್ರವೇ ಸರಿ.

ಹಾಗಾದರೆ ತೀರ್ಪುಗಾರರು ಮಾಡಬಹುದಾದ್ದೇನು? ನಾನು ಕಂಡುಕೊಂಡ ಒಂದು ಸಣ್ಣ ಉಪಾಯ ಹೇಳುತ್ತೇನೆ. ಸ್ಪರ್ಧೆ ಶುರುವಾಗುವ ಮೊದಲೇ ಹೆಡ್ ಮೇಷ್ಟ್ರನ್ನೂ ಉಳಿದ ತೀರ್ಪುಗಾರರನ್ನೂ ಒಪ್ಪಿಸಿ, ಎಲ್ಲರ ಭಾಷಣ ಮುಗಿದ ಮೇಲೆ ಪ್ರತಿ ಮಗುವಿಗೂ ಒಂದೇ ಪ್ರಶ್ನೆ ಕೇಳುವುದು. "ನಿನ್ನ ವಿರುದ್ಧ ಮಾತಾಡಿದವರು ಹೇಳಿದ್ದರಲ್ಲಿ ಎಲ್ಲಕ್ಕಿಂತ ಗಟ್ಟಿ ಮಾತು ಯಾವುದು? ಅದಕ್ಕೆ ನೀನು ಏನು ಹೇಳ್ತೀಯ?" ಒಬ್ಬೊಬ್ಬರಿಗೆ ಒಂದು ನಿಮಿಷ. ಹೀಗೊಂದು ಪ್ರಶ್ನೆ ಬರುತ್ತದೆ ಎಂದು ಮಕ್ಕಳಿಗೆ ಮೊದಲೇ ತಿಳಿಸಿರಬೇಕು. ತಿಳಿಸಿದ ಕೂಡಲೇ ಕೋಣೆಯ ರೀತಿಯೇ ಬದಲಾಗುತ್ತದೆ. ತಮ್ಮ ಸರದಿ ಬರುವ ತನಕ ಚೀಟಿ ಹಿಡಿದು ಗೋಡೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ ಮಕ್ಕಳು ತಲೆಯೆತ್ತಿ ಕೇಳಲು ತೊಡಗುತ್ತಾರೆ. ಮೊದಲು ಮಾತಾಡಿದವರಿಗೆ ಖಂಡಿಸಲು ಅವಕಾಶವೇ ಇರುವುದಿಲ್ಲವಲ್ಲ, ಆ ಅನ್ಯಾಯವೂ ಇದರಿಂದ ಸರಿಹೋಗುತ್ತದೆ.

ಒಮ್ಮೆ ಕಾಡಾನೆಯ ವಿಷಯ ಇತ್ತು. ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸುವುದೇ ಪರಿಹಾರ ಎಂಬುದರ ಪರ ಮತ್ತು ವಿರೋಧ. ನಮ್ಮ ಕಡೆ ಇದು ಪುಸ್ತಕದ ವಿಷಯವಲ್ಲ. ಆನೆ ಬಂದಿದೆ ಅಂದರೆ ಅವತ್ತು ತೋಟಕ್ಕೆ ಆಳು ಹೋಗುವುದಿಲ್ಲ, ಮಕ್ಕಳು ಶಾಲೆಗೆ ಹೊರಡುವುದಿಲ್ಲ. ಪರವಾಗಿ ಮಾತಾಡಿದ ಹುಡುಗಿಯದು ಕಂಚಿನ ಕಂಠ, ಒಂದು ಕಡೆಯೂ ತಡವರಿಸಲಿಲ್ಲ. ವಿರೋಧವಾಗಿ ನಿಂತವನು ಎಸ್ಟೇಟ್ ಲೈನ್ ಮನೆಯ ಹುಡುಗ. ಎರಡು ಸಲ ನಿಂತುಹೋದ, ಮೊದಲ ಗಂಟೆ ಹೊಡೆದಾಗ ಬೆಚ್ಚಿದ. ನಡುವೆ ಒಂದು ಮಾತು ಹೇಳಿದ: "ಇಲ್ಲಿಂದ ಹಿಡ್ದು ಇನ್ನೊಂದು ಕಾಡಿಗೆ ಬಿಟ್ರೆ ಆ ಕಾಡಿನ ಪಕ್ಕದಲ್ಲೂ ನಮ್ ತರದ್ದೇ ಜನ ಇರ್ತಾರೆ ಸರ್. ಆನೆ ತಿರುಗಿ ಬಂದ್ರೂ ಬರ್ಬಹುದು." ಪ್ರಶ್ನೆಯ ಸುತ್ತಿನಲ್ಲಿ ಆ ಹುಡುಗಿಯನ್ನು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಕೇಳಿದ್ದಕ್ಕೆ ನನ್ ಹತ್ರ ಪೂರ್ತಿ ಉತ್ತರ ಇಲ್ಲ ಸರ್. ಆದ್ರೆ ಹಿಡಿಯೋದು ಬೇಡ ಅಂದ್ರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗೋರಿಗೆ ಏನ್ ಹೇಳೋದು? ಅದನ್ನ ಅವನೂ ಹೇಳ್ಲಿಲ್ಲ" ಅಂದಳು.

ಆ ಮೂರು ವಾಕ್ಯಗಳಲ್ಲಿ ಅವಳ ಬಾಯಿಪಾಠ ಕಳಚಿ ಬಿದ್ದು ಚರ್ಚೆ ಹುಟ್ಟಿತು. ಹುಡುಗ ಎತ್ತಿದ ಪ್ರಶ್ನೆಯಾದರೂ ತಜ್ಞರು ಕೇಳುವ ಪ್ರಶ್ನೆಯೇ. ಶ್ರೀಲಂಕಾದಲ್ಲಿ ಹೀಗೆ ಸಾಗಿಸಿದ 12 ಗಂಡಾನೆಗಳಿಗೆ ಕಾಲರ್ ಹಾಕಿ ಹಿಂಬಾಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಕೆಲವು ಹಿಡಿದ ಜಾಗಕ್ಕೇ ಮರಳಿದವು, ಕೆಲವು ಎಲ್ಲೂ ನೆಲೆ ನಿಲ್ಲದೆ ಅಲೆದವು. ಲೈನ್ ಮನೆಯ ಹುಡುಗ ಅದನ್ನೆಲ್ಲ ಓದಿರಲಿಲ್ಲ, ಯೋಚನೆ ಮಾಡಿದ್ದ. ನಿರರ್ಗಳತೆಯ ಮನೆಗೆ ಮಾತ್ರ ಅಂಕ ತುಂಬಿಸಿದ್ದರೆ ಆ ಯೋಚನೆಗೆ ಬೆಲೆಯೇ ಇರುತ್ತಿರಲಿಲ್ಲ.

ಇನ್ನು ಆ ನಿಷ್ಪಕ್ಷಪಾತದ ವಿಷಯ. ಅದು ಮಕ್ಕಳ ಹೊಗಳಿಕೆಯಿಂದ ಬರುವಂಥದ್ದಲ್ಲ. ಶೃಂಗೇರಿಯ ಪರಂಪರೆಯಲ್ಲಿ ಒಂದು ಕಥೆ ಇದೆ, ನಿಮಗೂ ಗೊತ್ತಿದೆ. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ತೀರ್ಪುಗಾರ್ತಿಯಾಗಿ ಕೂತವರು ಮಂಡನರ ಹೆಂಡತಿ ಉಭಯಭಾರತಿ. ಇವತ್ತಿನ ಲೆಕ್ಕದಲ್ಲಿ ಮೊದಲ ದಿನವೇ ಆಕ್ಷೇಪಣೆ ಬರಬೇಕಾದ ನೇಮಕ. ಆಕೆ ಮಾಡಿದ್ದೇನು? ಇಬ್ಬರ ಕೊರಳಿಗೂ ಒಂದೊಂದು ಹೂಮಾಲೆ ಹಾಕಿ, ಯಾರ ಮಾಲೆ ಬಾಡುತ್ತದೋ ಅವರು ಸೋತಂತೆ ಎಂದು ಹೇಳಿ ಮನೆಗೆಲಸಕ್ಕೆ ಹೋದರು. ಕೊನೆಗೆ ಬಾಡಿದ್ದು ಗಂಡನ ಮಾಲೆ. ಮಂಡನರು ಸನ್ಯಾಸ ಸ್ವೀಕರಿಸಿ ಸುರೇಶ್ವರರಾದರು, ಉಭಯಭಾರತಿಯೇ ಶಾರದೆ ಎಂದು ಆ ಪರಂಪರೆ ನಂಬುತ್ತದೆ. ಪವಾಡವನ್ನು ಪಕ್ಕಕ್ಕಿಟ್ಟರೂ ಕಥೆಯಲ್ಲಿ ನಮಗೊಂದು ಪಾಠ ಸಿಗುತ್ತದೆ. ಅಳತೆಗೋಲು ಯಾವುದು ಎಂದು ಆಕೆ ವಾದಕ್ಕೆ ಮೊದಲೇ ಹೇಳಿದರು, ಎಲ್ಲರಿಗೂ ಕಾಣುವಂತೆ ಇಟ್ಟರು. ನಾವು ಕೂಡ ಯಾವ ಮನೆಗೆ ಎಷ್ಟು ಅಂಕ ಎಂಬುದನ್ನು ಸ್ಪರ್ಧೆಗೆ ಮುಂಚೆ ಬೋರ್ಡಿನ ಮೇಲೆ ಬರೆದುಬಿಡಬೇಕು. ಬರೆದ ಮೇಲೆ ನಮ್ಮ ಒಲವಿಗೆ ಓಡಾಡಲು ಜಾಗ ಕಡಿಮೆ.

ಒಲವು ಇದ್ದೇ ಇರುತ್ತದೆ. ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ಮೂಡಿಗೆರೆ ತಾಲ್ಲೂಕಿನ ಹಳ್ಳಿಗಳೂ ಇದ್ದವು. ಅಲ್ಲಿಂದೀಚೆಗೆ ನಮ್ಮ ಕಡೆ ಮದುವೆ ಮನೆಯಲ್ಲೂ ಅದೇ ಮಾತು. ಇತ್ತ 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಲೆಮನೆ, ಮಧುಗುಂಡಿಯ ಜನ ಮನೆ ತೋಟ ಕಳೆದುಕೊಂಡದ್ದನ್ನೂ ನಾವೇ ಕಂಡಿದ್ದೇವೆ. ಇಂಥ ವಿಷಯ ಚರ್ಚೆಗೆ ಬಂದಾಗ ತೋಟ ಇರುವ ತೀರ್ಪುಗಾರನ ಮನಸ್ಸು ಒಂದು ಕಡೆ ವಾಲದೆ ಇರುತ್ತದೆಯೇ? ಮಗು ನಮ್ಮ ಮನಸ್ಸಿನ ಮಾತನ್ನೇ ಆಡಿದರೆ ತಲೆ ತಾನಾಗಿ ಅಲ್ಲಾಡುತ್ತದೆ. ಅಲ್ಲಿ ಪೆನ್ನು ಸ್ವಲ್ಪ ತಡೆಯಬೇಕು. ಈ ಮಗು ಇದೇ ಜಾಣತನದಿಂದ ಎದುರು ಕಡೆಯನ್ನು ಮಂಡಿಸಿದ್ದರೆ ಇಷ್ಟೇ ಅಂಕ ಕೊಡುತ್ತಿದ್ದೆನೇ ಎಂದು ಕೇಳಿಕೊಂಡು ಆಮೇಲೆ ಬರೆಯಬೇಕು. ಯಾರ ಪಕ್ಷ ಸರಿ ಎಂದು ತೀರ್ಮಾನಿಸಲು ನಮ್ಮನ್ನು ಕರೆದಿಲ್ಲ. ಯಾರು ತಮ್ಮ ಪಕ್ಷವನ್ನು ಚೆನ್ನಾಗಿ ಹೊತ್ತರು ಎಂದು ನೋಡಲು ಕರೆದಿದ್ದಾರೆ.

ಭಾಷೆಯ ಅಂಕ ಹಾಕುವಾಗಲೂ ಹಾಗೇ ತಡೆಯಬೇಕು. ನಮ್ಮ ಶಾಲೆಗಳಲ್ಲಿ ಮನೆಮಾತು ಕನ್ನಡವಾಗಿರುವ ಮಕ್ಕಳ ಪಕ್ಕದಲ್ಲೇ ತುಳು, ಕೊಂಕಣಿ, ಬ್ಯಾರಿ, ಉರ್ದು, ತಮಿಳು, ಮಲಯಾಳ ಆಡುವ ಮನೆಗಳ ಮಕ್ಕಳಿದ್ದಾರೆ. ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಕನ್ನಡ ಇವರು ಶಾಲೆಯಲ್ಲಿ ದುಡಿದು ಸಂಪಾದಿಸಿದ ಭಾಷೆ. ಮಹಾಪ್ರಾಣ ಒಂದು ತಪ್ಪಿತು, ಹಕಾರ ಅಕಾರವಾಯಿತು ಎಂದು ಪ್ರತಿಸಲವೂ ಅಂಕ ಕಳೆಯುತ್ತ ಹೋದರೆ ನಾವು ಅಳೆಯುತ್ತಿರುವುದು ಮಗು ಹುಟ್ಟಿದ ಮನೆಯನ್ನು, ಅದರ ವಾದವನ್ನಲ್ಲ. ಹೇಳಬೇಕಾದ್ದು ತಿಳಿಯುವಂತೆ ಹೇಳಿತೇ, ಅಷ್ಟು ಸಾಕು.

ಸರದಿಯ ವಿಷಯ ಇನ್ನೂ ಸೂಕ್ಷ್ಮ. ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ರಾಣಿ ಎಲಿಸಬೆತ್ ಹೆಸರಿನ ಸಂಗೀತ ಸ್ಪರ್ಧೆ ಇದೆ, ಪಿಯಾನೊ ಮತ್ತು ಪಿಟೀಲಿಗೆ ಜಗತ್ತಿನ ದೊಡ್ಡ ಸ್ಪರ್ಧೆಗಳಲ್ಲೊಂದು. ಯಾರು ಯಾವ ದಿನ ನುಡಿಸಬೇಕು ಎಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅದರ ಹಲವು ವರ್ಷಗಳ ಫಲಿತಾಂಶಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಕೂಡಿಸಿ ಕಳೆದು 1996ರಲ್ಲಿ ಒಂದು ಲೇಖನ ಬರೆದರು. ಮೊದಲ ದಿನ ನುಡಿಸಿದವರು ಕೆಳಗಿನ ಸ್ಥಾನಕ್ಕೂ ತಡವಾಗಿ ನುಡಿಸಿದವರು ಮೇಲಿನ ಸ್ಥಾನಕ್ಕೂ ಹೋಗುವ ಪ್ರವೃತ್ತಿ ಅದರಲ್ಲಿ ಕಂಡಿತು. ಚೀಟಿಯ ಅದೃಷ್ಟಕ್ಕೂ ಪ್ರತಿಭೆಗೂ ಸಂಬಂಧ ಇರಲಾರದು. ಅಂದ ಮೇಲೆ ವ್ಯತ್ಯಾಸ ಕೇಳುವವರ ಕಿವಿಯಲ್ಲಿದೆ. ಜಗತ್ತಿನ ಘಟಾನುಘಟಿಗಳ ಕಿವಿಗೇ ಹೀಗಾದರೆ ಬಿಸಿಯೂಟ ಉಂಡು ಕೂತ ನಮ್ಮ ಕಿವಿಯ ಪಾಡೇನು? ಕಾಫಿಯ ರುಚಿ ನೋಡುವವರನ್ನು ನೀವು ನೋಡಿರಬಹುದು. ಯಾವ ತೋಟದ ಬೀಜ ಎಂದು ಅವರಿಗೆ ಹೇಳಿರುವುದಿಲ್ಲ. ಒಂದು ಚಮಚ ಹೀರಿ, ಉಗುಳಿ, ಬಾಯಿ ಮುಕ್ಕಳಿಸಿ ಮುಂದಿನ ಬಟ್ಟಲಿಗೆ ಹೋಗುತ್ತಾರೆ. ತೀರ್ಪುಗಾರನ ಕಿವಿಗೂ ಅಂಥದ್ದೊಂದು ಶಿಸ್ತು ಬೇಕು. ಮಗುವಿನ ಶಾಲೆಯ ಹೆಸರು ಕೇಳದೆ ಚೆಸ್ಟ್ ನಂಬರಿನಿಂದಲೇ ಗುರುತಿಸಿ. ಪ್ರತಿ ಮಗು ಇಳಿದ ಮೇಲೂ ಎರಡು ಸಾಲು ಬರೆದುಕೊಳ್ಳಿ, ಅಂಕ ಹಾಕಿ, ಅದಾದ ಮೇಲೆಯೇ ಮುಂದಿನವರನ್ನು ಕರೆಯಲು ಹೇಳಿ. ಹತ್ತನೆಯವರ ಮಾತು ಕೇಳಿ ಮೊದಲನೆಯವರ ಅಂಕ ತಿದ್ದಲು ಹೋದರೆ ನೆನಪು ಮೋಸ ಮಾಡುತ್ತದೆ.

ಇದರ ಜೊತೆಗೆ ನಮ್ಮ ಮಲೆನಾಡಿಗೇ ಮೀಸಲಾದ ಒಂದು ತೊಡಕಿದೆ, ಮಳೆ. ಪ್ರತಿಭಾ ಕಾರಂಜಿ ಬಹಳ ಸಲ ಮಳೆಗಾಲದ ಬಾಲದಲ್ಲೇ ಬೀಳುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಕರೆಂಟು ಆಗಲೇ ಹೋಗಿರುತ್ತದೆ, ಮೈಕಿನ ಆಸೆ ಬಿಡಬೇಕು. ಮಗು ಪಾಪ ಗಂಟಲು ಹರಿದುಕೊಂಡು ಕೂಗುತ್ತದೆ. ಸಮಯಪಾಲಕರಿಗೆ ಕೈ ಮಾಡಿ ಗಡಿಯಾರ ನಿಲ್ಲಿಸಿ, ಮಳೆ ಇಳಿಯುವ ತನಕ ಮಗುವನ್ನು ಕೂರಿಸಿ, ಆಮೇಲೆ ಮೊದಲಿಂದ ಶುರುಮಾಡಿಸುವ ಅಧಿಕಾರ ತೀರ್ಪುಗಾರರಿಗೆ ಇದೆ. ಕೇಳಿಸದ ಮಾತಿಗೆ ಅಂಕ ಹಾಕುವುದಕ್ಕಿಂತ ಊಟ ಕಾಲು ಗಂಟೆ ತಡವಾಗುವುದು ವಾಸಿ.

ಈಗ ಕೊನೆಯ ವಿಷಯಕ್ಕೆ ಬರುತ್ತೇನೆ. "ತೀರ್ಪುಗಾರರ ತೀರ್ಮಾನವೇ ಅಂತಿಮ" ಎಂದು ಎಲ್ಲ ಸುತ್ತೋಲೆಗಳಲ್ಲೂ ಅಚ್ಚಾಗಿರುತ್ತದೆ. ಅಂತಿಮವಾಗಿರಲಿ, ಬೇಡ ಅನ್ನುವುದಿಲ್ಲ. ಆದರೆ ಕಾರಣ ಹೇಳಬಾರದು ಎಂದು ಎಲ್ಲೂ ಬರೆದಿಲ್ಲ. ಹೆಚ್ಚಿನ ಕಡೆ ಆಗುವುದು ಹೀಗೆ: ಪ್ರಥಮ, ದ್ವಿತೀಯ, ತೃತೀಯ ಎಂದು ಮೂರು ಹೆಸರು ಓದುತ್ತಾರೆ, ಚಪ್ಪಾಳೆ ಆಗುತ್ತದೆ, ಉಳಿದ ಮಕ್ಕಳು ಚೀಲ ಹೆಗಲಿಗೆ ಹಾಕಿ ಜೀಪು ಹತ್ತುತ್ತಾರೆ. ತಾನು ಎಲ್ಲಿ ಹಿಂದೆ ಬಿದ್ದೆ ಎಂದು ಆ ಮಗುವಿಗೆ ತಿಳಿಯುವುದೇ ಇಲ್ಲ. ತಿಳಿಯದ ಕಡೆ ಗುಮಾನಿ ಬೆಳೆಯುತ್ತದೆ: ಅವರು ಇಂಥವರ ಕಡೆಯವರಂತೆ, ಇದು ಮೊದಲೇ ನಿಶ್ಚಯವಾಗಿತ್ತಂತೆ.

ಕಾರಣ ಹೇಳಿದರೆ ಏನು ಲಾಭ ಎಂಬುದಕ್ಕೆ ನಮ್ಮೂರ ಹೊಳೆಯ ವಿಷಯವನ್ನೇ ತೆಗೆದುಕೊಳ್ಳಿ. ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಗೊರೂರಿನ ಅಣೆಕಟ್ಟು ದಾಟಿ ಸುಮಾರು 245 ಕಿಲೋಮೀಟರ್ ಹರಿದು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದು ರಾಜ್ಯ ರಾಜ್ಯಗಳ ನಡುವಿನ ದೊಡ್ಡ ವಾದದ ನೀರು. 1990ರಲ್ಲಿ ನ್ಯಾಯಮಂಡಳಿ ಕೂತಿತು, 2007ರಲ್ಲಿ ಐತೀರ್ಪು ಬಂತು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಏರಿಸಿದ್ದು 14.75. ಅದರಲ್ಲಿ 10 ಟಿಎಂಸಿ ಯಾಕೆ? ತಮಿಳುನಾಡಿನಲ್ಲಿರುವ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ. ಉಳಿದ 4.75 ಯಾಕೆ? ಬೆಂಗಳೂರಿನ ಕುಡಿಯುವ ನೀರಿಗೆ. ಆ ತೀರ್ಪು ಎಲ್ಲರಿಗೂ ಹಿತವಾಯಿತು ಎಂದಲ್ಲ. ಆದರೆ ಒಪ್ಪದವರೂ ಯಾವ ಕಾರಣವನ್ನು ಒಪ್ಪುವುದಿಲ್ಲ ಎಂದು ಬೊಟ್ಟುಮಾಡಿ ತೋರಿಸಬಹುದು. ಕಾಲು ಟಿಎಂಸಿಗೂ ಕಾರಣ ಬರೆಯುವ ದೇಶದಲ್ಲಿ ಒಂಬತ್ತನೇ ಕ್ಲಾಸಿನ ಮಗುವಿಗೆ ಎರಡು ಮಾತಿನ ಕಾರಣ ಹೇಳಲು ನಮಗೆ ಬಿಗುಮಾನವೇಕೆ?

ಬೇರೆ ಕಡೆ ಇದು ರೂಢಿಯಲ್ಲಿದೆ. 1988ರಲ್ಲಿ ಶುರುವಾದ ವಿಶ್ವ ಶಾಲಾ ಚರ್ಚಾ ಸ್ಪರ್ಧೆಯಲ್ಲಿ ನೂರು ಅಂಕಗಳನ್ನು ವಿಷಯಕ್ಕೆ 40, ಶೈಲಿಗೆ 40, ತಂತ್ರಕ್ಕೆ 20 ಎಂದು ಹಂಚಿರುತ್ತಾರೆ. ಒಬ್ಬರು ಮಾತಾಡುತ್ತಿರುವಾಗಲೇ ಎದುರು ತಂಡದವರು ಎದ್ದು ಪ್ರಶ್ನೆ ಹಾಕಬಹುದು. ಫಲಿತಾಂಶ ಹೇಳುವಾಗ ತೀರ್ಪುಗಾರರು ಯಾಕೆ ಹೀಗೆ ತೀರ್ಮಾನಿಸಿದೆವು ಎಂದು ಸಭೆಯ ಮುಂದೆ ವಿವರಿಸುತ್ತಾರೆ. ಅವರ ಪದ್ಧತಿಯನ್ನು ಪೂರ್ತಿಯಾಗಿ ನಮ್ಮ ಕ್ಲಸ್ಟರಿಗೆ ಇಳಿಸಬೇಕಾಗಿಲ್ಲ. ಕಾರಣ ಹೇಳುವ ಒಂದು ಅಭ್ಯಾಸವನ್ನು ತಂದುಕೊಂಡರೆ ಸಾಕು.

ಕಾರಣ ಹೇಳುವುದಕ್ಕೂ ಒಂದು ಕ್ರಮ ಬೇಕು. "ಚೆನ್ನಾಗಿತ್ತು, ಇನ್ನೂ ಪ್ರಯತ್ನ ಮಾಡು" ಅನ್ನುವುದು ಕಾರಣವಲ್ಲ, ಆಶೀರ್ವಾದ. "ಹಾಳಾಗ್ತಿರೋ ಕಾಡಿನ ಲೆಕ್ಕ ಕೊಟ್ಟೆಯಲ್ಲ, ಅದು ನಿನ್ನ ಪಕ್ಷಕ್ಕೆ ಹೇಗೆ ಸಹಾಯ ಮಾಡ್ತದೆ ಅಂತ ಹೇಳೋದು ಬಿಟ್ಟುಹೋಯ್ತು ನೋಡು ಪುಟ್ಟಾ" ಅಂದರೆ ಅದು ಕಾರಣ. ಮಗು ಆಡಿದ ಮಾತನ್ನೇ ಎತ್ತಿ ತೋರಿಸಬೇಕು. ಆಗ ಅದಕ್ಕೆ, ಓ ಇವರು ನನ್ನನ್ನು ಕೇಳಿಸಿಕೊಂಡಿದ್ದಾರೆ, ಎಂದು ತಿಳಿಯುತ್ತದೆ. ಎಲ್ಲರ ಮುಂದೆ ಹೇಳಿದರೆ ನೋಯುವಂಥದ್ದಿದ್ದರೆ ಪಕ್ಕಕ್ಕೆ ಕರೆದು ಹೇಳಿ. ಬಹುಮಾನ ಬಂದವರಿಗಿಂತ ಬಾರದವರಿಗೆ ಮೊದಲು ಹೇಳಿ, ಅವರ ಜೀಪು ಬೇಗ ಹೊರಡುತ್ತದೆ.

ಇದನ್ನು ಮಾಡಲು ದೊಡ್ಡ ವಿದ್ವಾಂಸರೇ ಆಗಬೇಕಾಗಿಲ್ಲ. ಅರ್ಧ ದಿನ ಫೋನು ಬಂದ್ ಮಾಡಿ ಕೂರುವ ತಾಳ್ಮೆ, ಒಂದು ಪೆನ್ನು, ನಾಲ್ಕು ಹಾಳೆ ಇದ್ದರಾಯಿತು. ಕಾಫಿ ಕುಯ್ಲು ಶುರುವಾಗುವ ಮೊದಲಿನ ತಿಂಗಳುಗಳಲ್ಲಿ ನಮ್ಮ ತೋಟದವರಿಗೆ ಅಷ್ಟು ಬಿಡುವು ಇದ್ದೇ ಇರುತ್ತದೆ. ಪೇಟೆಯಿಂದ ಊರಿಗೆ ಮರಳಿ ಬಂದ ಯುವಕರಿದ್ದೀರಿ, ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದುವವರಿದ್ದೀರಿ, ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವ, ವಾರದ ಸಭೆಯಲ್ಲಿ ಹತ್ತು ಜನರ ತಕರಾರು ಕೇಳಿ ಇತ್ಯರ್ಥ ಮಾಡುವ ಅಕ್ಕಂದಿರಿದ್ದೀರಿ. ಶಾಲೆಯವರು ಕರೆಯುವ ತನಕ ಕಾಯಬೇಡಿ. ನಿಮ್ಮೂರ ಹೆಡ್ ಮೇಷ್ಟ್ರ ಹತ್ತಿರ ಹೋಗಿ, ಈ ಸಲ ಚರ್ಚಾ ಸ್ಪರ್ಧೆಗೆ ನಾನು ಬರುತ್ತೇನೆ, ಅಂಕಪಟ್ಟಿಯಲ್ಲಿ ಎದುರುತ್ತರಕ್ಕೊಂದು ಮನೆ ಮಾಡಿಡಿ ಎಂದು ಹೇಳಿಬನ್ನಿ. ಒಂದು ಷರತ್ತು ಮಾತ್ರ ಇರಲಿ. ನಿಮ್ಮ ಮನೆಯ ಮಗು ಸ್ಪರ್ಧೆಯಲ್ಲಿದ್ದರೆ ಆ ವರ್ಷ ಬೇರೆ ಶಾಲೆಗೆ ಹೋಗಿ. ಉಭಯಭಾರತಿಗೆ ಹೂಮಾಲೆ ನೆರವಾಯಿತು, ನಮಗೆ ಆ ಸೌಕರ್ಯವಿಲ್ಲ.

ರೇಡಿಯೊದಲ್ಲಿ ಮಾತಾಡುವವನಿಗೆ ಒಂದು ಅನುಕೂಲ, ಕೇಳುವವರು ನಡುವೆ ಎದ್ದು ಪ್ರಶ್ನೆ ಹಾಕುವಂತಿಲ್ಲ. ಇಷ್ಟು ಹೊತ್ತು ನಾನೂ ಪೂರ್ವಪಕ್ಷವಿಲ್ಲದೆ ಮಾತಾಡಿದ್ದೇನೆ. ಮಕ್ಕಳಿಗೆ ಮೊದಲು ಧೈರ್ಯವಾಗಿ ನಿಂತು ಮಾತಾಡುವುದು ಬಂದರೆ ಸಾಕು, ಖಂಡನೆ ಗಿಂಡನೆ ಎಲ್ಲ ಆಮೇಲೆ ಅನ್ನುವವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಅದರಲ್ಲೂ ಹುರುಳಿದೆ. ಮುಂದಿನ ಪ್ರತಿಭಾ ಕಾರಂಜಿಯ ದಿನ ತೀರ್ಪುಗಾರರ ಬೆಂಚಿನಲ್ಲಿ ನನ್ನ ಪಕ್ಕ ಬಂದು ಕೂರಿ, ಮಕ್ಕಳ ಚರ್ಚೆ ಮುಗಿದ ಮೇಲೆ ನಮ್ಮದನ್ನು ಶುರುಮಾಡೋಣ.